ಅಂಚಿನ ಮೇಲಿನ ಹೆಸರು

ಬಿಳಿಚೋಡಿನಲ್ಲೊಂದು ಹಳೆ ಮನೆ ಕೆಡವುವಾಗ ಅಟ್ಟದ ತಗಡಿನ ಪೆಟ್ಟಿಗೆಯಿಂದ ಒಂದು ಪದಕ ಉರುಳಿ ಬಿತ್ತು ಅಂದುಕೊಳ್ಳಿ. ಕಪ್ಪಿಟ್ಟಿದೆ, ಬಣ್ಣಗೆಟ್ಟ ಪಟ್ಟಿಯ ಚೂರು ಅಂಟಿಕೊಂಡಿದೆ. ಮನೆಯವರಿಗೆ ಮೊದಲು ತೋಚುವುದು ವಿಭೂತಿ ಹಚ್ಚಿ ಉಜ್ಜುವುದು. ಆಮೇಲೆ ಅಕ್ಕಸಾಲಿಗರ ತಕ್ಕಡಿಗೆ ಹಾಕುವುದು. ಎರಡನ್ನೂ ಒಂದು ದಿನ ತಡೆಹಿಡಿದರೆ ಒಳ್ಳೆಯದು. ಪದಕವನ್ನು ತೂಗುವ ಮೊದಲು ಓದಬೇಕು.

ಅದು ಮೊದಲ ಮಹಾಯುದ್ಧದ ಕಾಲದ ಜರ್ಮನ್ ಪದಕವೂ ಆಗಿರಬಹುದು. ನಮ್ಮ ಬಯಲುಸೀಮೆಗೂ ಜರ್ಮನಿಯ ಚಕ್ರವರ್ತಿಯ ಪದಕಕ್ಕೂ ಎತ್ತಣ ಸಂಬಂಧ ಎನ್ನಬಹುದು. ಬಿಳಿಚೋಡು ಇರುವ ಜಗಳೂರು ತಾಲ್ಲೂಕು ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು. ಮೊದಲ ಮಹಾಯುದ್ಧಕ್ಕೆ ಸಂಸ್ಥಾನವು ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್ ಎಂಬ ಕುದುರೆಪಡೆಯನ್ನು ಈಜಿಪ್ಟಿಗೆ ಕಳಿಸಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದವರು ಜೋಧಪುರ ಮತ್ತು ಮೈಸೂರಿನ ಸವಾರರು. ಮೈಸೂರಿನ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿದ್ದ ಫಿರಂಗಿಗಳನ್ನು ಹಿಡಿಯಿತು. ಅಂದು ಸೆರೆಸಿಕ್ಕ ಸುಮಾರು 1,350 ಮಂದಿಯಲ್ಲಿ ಹೆಚ್ಚಿನವರು ತುರ್ಕರು. ಇಬ್ಬರು ಜರ್ಮನ್ ಅಧಿಕಾರಿಗಳೂ ಇದ್ದರು. ಸೋತವರ ಪದಕ, ಗುಂಡಿ, ಬಕಲ್ಲುಗಳನ್ನು ನೆನಪಿಗೆಂದು ಊರಿಗೆ ತರುವುದು ಆ ಕಾಲದ ಸಿಪಾಯಿಗಳ ವಾಡಿಕೆ. ಹಾಗಾಗಿ ಇಂಥ ವಸ್ತು ಸಿಕ್ಕರೆ ನಂಬಲಾಗದ ಸಂಗತಿಯೇನಲ್ಲ.

ಆ ಕಾಲದ ಜರ್ಮನ್ ಪದಕಗಳಲ್ಲಿ ಹೆಚ್ಚು ಪರಿಚಿತವಾದದ್ದು ಕಬ್ಬಿಣದ ಶಿಲುಬೆ, ಐರನ್ ಕ್ರಾಸ್. 1813ರಲ್ಲಿ ನೆಪೋಲಿಯನ್ನನ ವಿರುದ್ಧದ ಯುದ್ಧಕ್ಕಾಗಿ ಪ್ರಷ್ಯದ ದೊರೆ ಇದನ್ನು ಸ್ಥಾಪಿಸಿದ; 1870ರಲ್ಲಿ, ಮತ್ತೆ 1914ರಲ್ಲಿ ಅದಕ್ಕೆ ಜೀವ ಬಂತು. 1914ರ ಶಿಲುಬೆಯ ಮುಂಭಾಗದಲ್ಲಿ ಮೇಲೆ ಕಿರೀಟ, ನಡುವೆ ಕೈಸರ್ ವಿಲ್‌ಹೆಲ್ಮನ ಹೆಸರಿನ ಡಬ್ಲ್ಯು ಅಕ್ಷರ, ಕೆಳಗೆ ಇಸವಿ. ಹಿಂಬದಿಯಲ್ಲಿ ಓಕ್ ಎಲೆ, ಮೂಲ ಸ್ಥಾಪಕನ ಹೆಸರಿನ ಎರಡು ಅಕ್ಷರ, 1813. ಪಟ್ಟಿಯಲ್ಲಿ ತೂಗುವುದು ಎರಡನೆಯ ದರ್ಜೆ; ಹಿಂದೆ ಪಿನ್ನಿದ್ದು ಎದೆಗೆ ಚುಚ್ಚಿಕೊಳ್ಳುವುದು ಮೊದಲನೆಯದು.

ಅಸಲಿಯನ್ನು ಗುರುತಿಸುವ ಗುಟ್ಟು ಅದನ್ನು ಮಾಡಿದ ಬಗೆಯಲ್ಲೇ ಇದೆ. ಕಪ್ಪು ಬಳಿದ ಕಬ್ಬಿಣದ ತಿರುಳನ್ನು ಎರಡು ಬೆಳ್ಳಿ ಚೌಕಟ್ಟುಗಳ ನಡುವೆ ಕೂರಿಸಿ ಅಂಚನ್ನು ಬೆಸೆಯುತ್ತಿದ್ದರು. ಭೂತಗನ್ನಡಿ ಹಿಡಿದು ಅಂಚನ್ನು ಸುತ್ತ ನೋಡಿ: ಬೆಸುಗೆಯ ಸಣ್ಣ ಗೆರೆ ಕಾಣಬೇಕು. ಅಯಸ್ಕಾಂತ ಹಿಡಿದರೆ ತಿರುಳು ಸಾಮಾನ್ಯವಾಗಿ ಅಂಟುತ್ತದೆ. ಅಲ್ಲಲ್ಲಿ ತುಕ್ಕಿದ್ದರೆ ಬೇಸರ ಬೇಡ, ಕಬ್ಬಿಣಕ್ಕೆ ತುಕ್ಕು ಸಹಜ. ಇಡೀ ಶಿಲುಬೆ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ಅನುಮಾನಪಡಿ. ಪಟ್ಟಿ ಪೋಣಿಸುವ ಬಳೆಯ ಮೇಲೆ ತಯಾರಕರ ಪುಟ್ಟ ಅಕ್ಷರಗಳೋ, ಬೆಳ್ಳಿಯ ಶುದ್ಧತೆ ಹೇಳುವ 800 ಎಂಬ ಅಂಕಿಯೋ ಇರಬಹುದು. ಒಂದು ಮಾತು ನೆನಪಿರಲಿ: ಎರಡನೆಯ ದರ್ಜೆಯವು ಅಂದಾಜು 50 ಲಕ್ಷ ಹಂಚಿಹೋಗಿವೆ. ಕೋಟಿ ಬೆಲೆಯ ಕನಸು ಕಾಣುವ ವಸ್ತುವಲ್ಲ.

ಪ್ಯಾಲೆಸ್ಟೈನ್ ಕಡೆಯಿಂದ ಬಂದ ಸರಕಿನಲ್ಲಿ ಕೆಂಪು ನಕ್ಷತ್ರದೊಳಗೆ ಅರ್ಧಚಂದ್ರವಿರುವ ಬಿಲ್ಲೆಯೂ ಇರಬಹುದು. ಅದು 1915ರಲ್ಲಿ ತುರ್ಕಿ ಸುಲ್ತಾನ ಹೊರಡಿಸಿದ ಯುದ್ಧಪದಕ. ತುರ್ಕರ ಜೊತೆ ಕಾದಿದ ಜರ್ಮನರಿಗೂ ಅದು ಸಿಕ್ಕಿತ್ತು. ಅದರ ಮೇಲಿನ 1333 ಎಂಬ ಅಂಕಿ ಹಿಜರಿ ವರ್ಷ.

ಇಸವಿ ನೋಡಿ ಮೋಸಹೋಗುವುದು ಹೊಸಬರ ದೊಡ್ಡ ತಪ್ಪು. 1914–1918 ಎಂದು ಬರೆದ, ಕತ್ತಿಗಳಿರುವ ಕಂಚಿನ ಬಣ್ಣದ ಜರ್ಮನ್ ಶಿಲುಬೆಯೊಂದಿದೆ. ಅದು ಹುಟ್ಟಿದ್ದು 1934ರಲ್ಲಿ, ಕೈಸರ್ ಪಟ್ಟ ಬಿಟ್ಟು ಹದಿನಾರು ವರ್ಷವಾದ ಮೇಲೆ. ಪದಕದ ಮೇಲಿನ ವರ್ಷ ಯುದ್ಧದ್ದು, ಪದಕ ಮಾಡಿದ ವರ್ಷವೇ ಆಗಬೇಕಿಲ್ಲ.

ಈಗ ನಮ್ಮವರಿಗೇ ಸಂದ ಪದಕಗಳಿಗೆ ಬರೋಣ. ಮೈಸೂರಿನ ಸವಾರರಿಗೆ ದೊರೆತವು ಬ್ರಿಟಿಷ್ ಪದಕಗಳು: ಕುದುರೆಯೇರಿದ ಬತ್ತಲೆ ವೀರನಿರುವ ಬೆಳ್ಳಿಯ ವಾರ್ ಮೆಡಲ್, ರೆಕ್ಕೆಯ ದೇವತೆಯಿರುವ ಕಂಚಿನ ವಿಕ್ಟರಿ ಮೆಡಲ್, 1915 ಮುಗಿಯುವುದರೊಳಗೆ ರಣಭೂಮಿಗೆ ಇಳಿದಿದ್ದವರಿಗೆ ಇನ್ನೊಂದು ಕಂಚಿನ ನಕ್ಷತ್ರ. ಮೂರೂ ಇದ್ದರೆ ಅಜ್ಜ ಮೊದಲೇ ಹೋದವರು. ಎರಡೇ ಇದ್ದು ಯಾವುದೂ ಕಳೆದಿಲ್ಲವಾದರೆ ಆಮೇಲೆ ಸೇರಿಕೊಂಡವರು.

ಜರ್ಮನ್ ಶಿಲುಬೆಗೂ ಇವಕ್ಕೂ ಇರುವ ಮುಖ್ಯ ವ್ಯತ್ಯಾಸ ಇಲ್ಲಿದೆ. ಶಿಲುಬೆಯ ಮೇಲೆ ಅದನ್ನು ಪಡೆದವನ ಹೆಸರು ಸಾಮಾನ್ಯವಾಗಿ ಇರುವುದಿಲ್ಲ. ಅದು ಯಾರದೋ, ಯಾವ ಊರಿನದೋ. ಬ್ರಿಟಿಷ್ ಪದಕದ ಅಂಚಿನಲ್ಲಿ, ನಕ್ಷತ್ರದ ಹಿಂಬದಿಯಲ್ಲಿ, ಸಿಪಾಯಿಯ ನಂಬರು, ದರ್ಜೆ, ಹೆಸರು, ಪಡೆ ಇಷ್ಟನ್ನೂ ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತಿರುತ್ತಾರೆ. ಸವಾರ, ದಫೇದಾರ ಎಂಬ ಮಾತುಗಳು ಮೊಟಕಾಗಿರುತ್ತವೆ. ಲೋಹದ ಬೆಲೆ ಎಷ್ಟಾದರೂ ಇರಲಿ, ಮನೆತನಕ್ಕೆ ಬೆಲೆಬಾಳುವುದು ಆ ಒಂದು ಸಾಲು. ನೂರು ಆಯುಧಪೂಜೆಗಳಲ್ಲಿ ತಿಕ್ಕಿ ತಿಕ್ಕಿ ಮೊದಲು ಸವೆಯುವುದೂ ಅದೇ.

ಆದ್ದರಿಂದ ಉಜ್ಜಬೇಡಿ. ಒಣ ಹತ್ತಿಬಟ್ಟೆಯಲ್ಲಿ ಸುತ್ತಿಡಿ. ಅಂಚಿಗೆ ಓರೆಯಾಗಿ ಬೆಳಕು ಬಿಟ್ಟು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ಮಾರುವವರು ಇನ್ನೊಂದು ತಿಳಿದಿರಲಿ: ನೂರು ವರ್ಷ ದಾಟಿದ ಐತಿಹಾಸಿಕ ವಸ್ತುಗಳನ್ನು ಖಾಸಗಿಯವರು ದೇಶದಾಚೆ ಕಳಿಸುವುದಕ್ಕೆ 1972ರ ಪುರಾತನ ವಸ್ತುಗಳ ಕಾಯ್ದೆ ಬಿಡುವುದಿಲ್ಲ.

ಹೆಸರಿಲ್ಲದ ಶಿಲುಬೆ ಸಿಕ್ಕಿದ್ದರೆ ಕೆಲಸ ಇನ್ನೂ ಅವಸರದ್ದು. ಅದಕ್ಕೆ ಅಂಚಿನ ಸಾಲು ಇಲ್ಲ. ಅದು ಯಾರ ಕೈಯಿಂದ ಈ ಮನೆಗೆ ಬಂತೆಂದು ಹೇಳಬಲ್ಲವರು ಹಿರಿಯರು ಮಾತ್ರ. ಪಡಸಾಲೆಯಲ್ಲಿ ಕೂತಿರುವ ಅಜ್ಜಿಯನ್ನು ಇವತ್ತೇ ಕೇಳಿ, ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ.