ನೆಗಳೂರಿನ ಕಲ್ಲು

ಓಮಾನ್ ದೇಶದಲ್ಲಿ ಉದ್ಯೋಗದಲ್ಲಿರುವ ನನ್ನ ಬಾಲ್ಯಮಿತ್ರನೊಬ್ಬನು ರಜೆಯ ಮೇಲೆ ಧಾರವಾಡಕ್ಕೆ ಬಂದಾಗಲೆಲ್ಲ, ನಮ್ಮ ಮನೆಯಲ್ಲಿ ಚಹಾ ಕುಡಿಯುತ್ತ ಮರುಭೂಮಿಯ ಕಥೆಗಳನ್ನು ಹೇಳುವುದು ವಾಡಿಕೆ. ಈ ಸಲದ ಕಥೆ ಉಲ್ಕಾಶಿಲೆಗಳದು. ಬಿಡುವಿನ ದಿನ ಅವನೂ ಅವನ ಗೆಳೆಯರೂ ಬಟ್ಟಬಯಲಿಗೆ ಹೋಗಿ, ಆಕಾಶದಿಂದ ಬಿದ್ದ ಕಲ್ಲುಗಳಿಗಾಗಿ ನೆಲವನ್ನೇ ನೋಡುತ್ತ ನಡೆಯುವರಂತೆ.

“ಬಿಳೀ ನೆಲದ ಮ್ಯಾಲೆ ಕರೀ ಕಲ್ಲು ದೂರದಿಂದನ ಕಾಣಸ್ತದಪಾ. ನಿಮ್ಮ ಧಾರವಾಡದಾಗ ಏನದ, ಬರೇ ಮಳಿ!” ಎಂದು ನಕ್ಕನು.

ಊರಿನ ಮಾನದ ಪ್ರಶ್ನೆ ಬಂದಿತು. ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿ ‘ಧಾರವಾಡ’ ಎಂಬ ಹೆಸರಿನದೇ ಒಂದು ಇದೆಯೆಂದು ನಾನು ತಿಳಿಸಿದೆನು. ಅದು ಬಿದ್ದುದು 1848ನೆಯ ಇಸವಿ ಫೆಬ್ರುವರಿ 15ರಂದು. ತೂಕ ಎರಡು ಕಿಲೋಗಿಂತ ಕೊಂಚ ಕಡಿಮೆ. ಬಿದ್ದ ಊರು ನೆಗಳೂರು. ಅಂದು ಅದು ಧಾರವಾಡ ಜಿಲ್ಲೆಯಲ್ಲಿತ್ತು; 1997ರಿಂದ ಹಾವೇರಿ ಜಿಲ್ಲೆಯದು. ಕಲ್ಲು ಬಿದ್ದುದು ಹಳ್ಳಿಯಲ್ಲಿ, ಕೀರ್ತಿ ಬಂದುದು ಜಿಲ್ಲೆಗೆ!

“ಹಂಗಾದರ ನಡೀ, ಹುಡುಕೂಣು” ಎಂದನು ಮಿತ್ರ.

ಮುಂದಿನ ಆದಿತ್ಯವಾರ ನಾವು ಮೂವರು ಹೊರಟೆವು. ಮೂರನೆಯವರು ಭೂವಿಜ್ಞಾನದ ಅಧ್ಯಾಪಕರು. ನನ್ನಾಕೆ ಕಟ್ಟಿಕೊಟ್ಟ ರೊಟ್ಟಿಯ ಗಂಟು, ಒಂದು ಅಯಸ್ಕಾಂತ, ಒಂದು ಪಿಂಗಾಣಿ ಬಟ್ಟಲು. ಇಷ್ಟೇ ನಮ್ಮ ಸಾಮಗ್ರಿ. ಹುಬ್ಬಳ್ಳಿ, ಹಾವೇರಿಗಳನ್ನು ದಾಟಿ ಗುತ್ತಲದ ಹಾದಿ ಹಿಡಿದಾಗ ಅಧ್ಯಾಪಕರು ನಮ್ಮ ಉತ್ಸಾಹಕ್ಕೆ ನೀರೆರಚಿದರು. ಇಂಥ ಕಲ್ಲುಗಳಲ್ಲಿ ಸಾಮಾನ್ಯವಾಗಿ ನಿಕ್ಕಲ್ ಬೆರೆತ ಕಬ್ಬಿಣದ ಕಣಗಳಿರುತ್ತವೆ. ನಮ್ಮ ಮಳೆಗೆ ಅವು ತುಕ್ಕು ಹಿಡಿದು, ಕಲ್ಲೇ ಪುಡಿಯಾಗುತ್ತ ಹೋಗುತ್ತದೆ. ಮರುಭೂಮಿಯ ಒಣಹವೆಯಲ್ಲಿಯೂ ದಕ್ಷಿಣ ಧ್ರುವಖಂಡದ ಹಿಮದಲ್ಲಿಯೂ ಅವು ಸಾವಿರಾರು ವರ್ಷ ಬಾಳುತ್ತವೆ. ಭಾರತದಲ್ಲಿ ದೊರೆತವುಗಳಲ್ಲಿ ಬಹುಪಾಲು, ಬೀಳುವಾಗ ಜನ ಕಂಡು ಎತ್ತಿಟ್ಟವುಗಳೇ.

ನೆಗಳೂರಿನ ಸುತ್ತಿನ ಎರೆಹೊಲಗಳಲ್ಲಿ ಜೋಳದ ಕೂಳೆಗಳ ನಡುವೆ ಎರಡು ತಾಸು ಅಲೆದೆವು. ಕರಿಯ ನೆಲದ ಮೇಲೆ ಕರಿಯ ಕಲ್ಲನ್ನು ಹುಡುಕುವುದೆಂದರೆ ಅಮಾವಾಸ್ಯೆಯ ರಾತ್ರಿ ಎಮ್ಮೆಯನ್ನು ಹುಡುಕಿದಂತೆ. ನಮ್ಮ ತಲೆ ಬಿಸಿಲಿಗೆ ಕಾದುದನ್ನು ಕಂಡು ರೈತನೊಬ್ಬನು, “ಏನ ಕಳಕೊಂಡೀರಿ ಸರ?” ಎಂದು ಕೇಳಿದನು. ಕಾರಣ ತಿಳಿದ ಮೇಲೆ ನಗಲಿಲ್ಲ. “ನಮ್ಮ ಮನ್ಯಾಗ ಒಂದು ಕರೀ ಕಲ್ಲೈತಿ, ಬರ್ರಿ” ಎಂದು ಕರೆದೊಯ್ದನು.

ದೇವರ ಜಗಲಿಯ ಮೇಲೆ, ಕುಂಕುಮ ಹಚ್ಚಿದ, ಮುಷ್ಟಿಗಿಂತ ದೊಡ್ಡದಾದ ಕಲ್ಲು! ಅದನ್ನು ತಂದು ಕೊಟ್ಟವಳು ರೈತನ ವೃದ್ಧ ತಾಯಿ. ಅಯಸ್ಕಾಂತ ಮೆಲ್ಲಗೆ ಅಂಟಿಕೊಂಡಿತು. ಓಮಾನಿನ ಮಿತ್ರನ ಮುಖ ಅರಳಿತು. ನನ್ನ ಎದೆಯೂ ಹೊಡೆದುಕೊಳ್ಳತೊಡಗಿತು. ಅಧ್ಯಾಪಕರು ಅಜ್ಜಿಯ ಅಪ್ಪಣೆ ಪಡೆದು, ಬಟ್ಟಲಿನ ತಳದ ಒರಟು ಅಂಚಿಗೆ ಕಲ್ಲನ್ನು ಉಜ್ಜಿದರು. ಕೆಂಪು ಗೆರೆ ಮೂಡಿತು. ಅದು ಕಬ್ಬಿಣದ ಅದಿರು. ಉಲ್ಕಾಶಿಲೆ ಸಾಮಾನ್ಯವಾಗಿ ಹಾಗೆ ಗೆರೆ ಬಿಡದು.

ಪೂಜೆಗೊಂಡ ಕಲ್ಲನ್ನು ‘ಇದು ಆಕಾಶದ್ದಲ್ಲ’ ಎಂದು ಹೇಳುವುದು ಹೇಗೆ? ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಕೊನೆಗೆ ನಾನೇ ತಡವರಿಸುತ್ತ ಹೇಳಿದೆನು. ಅಜ್ಜಿ ಕಲ್ಲನ್ನು ಸೆರಗಿನಿಂದ ಒರೆಸಿದಳು.

“ಚಿಕ್ಕಿ ಉದುರಿದ್ದು ಅಂತ ನಾ ಎಲ್ಲಿ ಅಂದೆ ತಮ್ಮಾ? ನಮ್ಮ ಅತ್ತಿ ಕೊಟ್ಟಾಳ, ಇಟ್ಟೀನಿ.”

ಮರಳುವ ಹಾದಿಯಲ್ಲಿ ಮೂವರೂ ಬಹಳ ಹೊತ್ತು ಮಾತಾಡಲಿಲ್ಲ. ಅಜ್ಜಿಯ ಮಾತಿನಲ್ಲಿಯೇ ನೆಗಳೂರಿನ ಕಲ್ಲಿನ ಗುಟ್ಟೂ ಇದೆಯೆಂದು ನನಗೆ ತೋರಿತು. ಮರುಭೂಮಿಯಲ್ಲಿ ನೆಲವೇ ಕಲ್ಲನ್ನು ಕಾಯುತ್ತದೆ. ನಮ್ಮಲ್ಲಿ ಮನುಷ್ಯನೇ ಕಾಯಬೇಕು. 1848ರಲ್ಲಿ ಯಾರೋ ಆ ಕಲ್ಲನ್ನು ಎತ್ತಿಟ್ಟರು, ಯಾರೋ ದಿನ ಬರೆದಿಟ್ಟರು. ಆ ಎರಡು ಕೆಲಸ ಆಗದಿದ್ದರೆ ಅದು ಎಂದೋ ಎರೆಮಣ್ಣಿನಲ್ಲಿ ಮಣ್ಣಾಗುತ್ತಿತ್ತು.

ಕಂಡವರ ಮಾತಿಗೆ ಬೆಲೆ ಬಂದುದೂ ತಡವಾಗಿಯೇ. ಆಕಾಶದಿಂದ ಕಲ್ಲು ಬಿದ್ದಿತೆಂದು ರೈತರು ಹೇಳಿದರೆ ಹದಿನೆಂಟನೆಯ ಶತಮಾನದ ಯುರೋಪಿನ ಪಂಡಿತರಲ್ಲಿ ಅನೇಕರು ನಗುತ್ತಿದ್ದರು. 1794ರಲ್ಲಿ ಜರ್ಮನಿಯ ಕ್ಲಾಡ್ನಿ ಅದು ನಿಜವೆಂದು ಬರೆದಾಗಲೂ ಬಹುಮಂದಿ ನಂಬಲಿಲ್ಲ. 1798ರಲ್ಲಿ ನಮ್ಮ ಕಾಶಿಯ ಬಳಿ ಕಲ್ಲುಗಳು ಉದುರಿದವು. ಅವನ್ನೂ ಬೇರೆ ದೇಶಗಳಲ್ಲಿ ಬಿದ್ದ ಕಲ್ಲುಗಳನ್ನೂ ಇಂಗ್ಲೆಂಡಿನ ಹಾವರ್ಡ್ ಪರೀಕ್ಷಿಸಿ, 1802ರಲ್ಲಿ ಅವೆಲ್ಲ ಒಂದೇ ಬಗೆಯವೆಂದು ತೋರಿಸಿದ ಮೇಲೆ ನಗು ಅಡಗಿತು. ಕಾಶಿಯ ಹಳ್ಳಿಗರ ಸಾಕ್ಷಿ ಕೊನೆಗೂ ಗೆದ್ದಿತು.

ಓದುಗರೇ, ನಿಮ್ಮ ಹಿತ್ತಲಿನಲ್ಲಿ ನಾಳೆಯೇ ಒಂದು ಕಲ್ಲು ಬೀಳಬಹುದು! ಬಿದ್ದರೆ ಗಳಿಗೆ, ದಿಕ್ಕು, ಕೇಳಿದ ಸದ್ದು ಎಲ್ಲವನ್ನೂ ಬರೆದಿಡಿರಿ. ಇದ್ದಲ್ಲಿಯೇ ಅದರ ಚಿತ್ರ ತೆಗೆಯಿರಿ. ತೊಳೆಯಬೇಡಿರಿ, ಒಡೆದು ಹಂಚಬೇಡಿರಿ; ಶುಚಿಯಾದ ಒಣ ಕಾಗದದಲ್ಲಿ ಸುತ್ತಿಟ್ಟು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಗೆ ತಿಳಿಸಿರಿ. ಇಂಥ ಕಲ್ಲುಗಳನ್ನು ದೇಶದ ಪರವಾಗಿ ಕಾಯುವ ಹೊಣೆ ಅದರದು. ಸುಮಾರು 456 ಕೋಟಿ ವರ್ಷ ಹಳೆಯದಾದ ಅತಿಥಿಗೆ ಅಷ್ಟಾದರೂ ಉಪಚಾರ ಬೇಡವೇ?

ಮನೆಗೆ ಬರಿಗೈಯಲ್ಲಿ ಬಂದ ನನ್ನನ್ನು ಕಂಡು ನನ್ನಾಕೆ, “ಕಲ್ಲು ಸಿಕ್ಕಿತೇನ್ರೀ?” ಎಂದಳು.

“ಸಿಕ್ಕಿತು, ಆದರೆ ಅದು ಒಬ್ಬ ಸೊಸೆಯ ಹತ್ತಿರ ಭದ್ರವಾಗಿದೆ” ಎಂದೆನು.