ಕೃತಿಯಿಂದ ಕೃತಿಸಮೂಹಕ್ಕೆ: ಆಂಥನಿ ಬ್ರಾಕ್ಸ್‌ಟನ್ ಸಂಗೀತ ಮತ್ತು ವಿಮರ್ಶೆಯ ಮಾನದಂಡಗಳು

1

ಒಬ್ಬ ಕಲಾವಿದನ ಕೃತಿಗಳ ಸಂಖ್ಯೆ ನೂರುಗಳನ್ನು ದಾಟಿದಾಗ ವಿಮರ್ಶೆ ಸಾಮಾನ್ಯವಾಗಿ ಎರಡು ದಾರಿಗಳನ್ನು ಹಿಡಿಯುತ್ತದೆ. ಒಂದು, ರಾಶಿಯಿಂದ ಕೆಲವು ಶ್ರೇಷ್ಠ ಕೃತಿಗಳನ್ನು ಆಯ್ದುಕೊಂಡು ಉಳಿದವನ್ನು ಬದಿಗೆ ಸರಿಸುವುದು. ಎರಡು, ಕೃತಿಗಳನ್ನು ಪ್ರಕಾರಗಳಿಗೆ ಹಂಚಿ, ಆಯಾ ಪ್ರಕಾರದ ಅಳತೆಗೋಲಿನಿಂದ ಬಿಡಿಬಿಡಿಯಾಗಿ ಅಳೆಯುವುದು. ಬಿಡಿಕೃತಿಯೇ ಅಧ್ಯಯನದ ಮೂಲ ಘಟಕವೆಂಬ ನಂಬಿಕೆ ಈ ಎರಡೂ ದಾರಿಗಳ ಹಿಂದಿದೆ. ವಿಪುಲತೆಯನ್ನು ದೋಷವೆಂದು, ಹೆಚ್ಚೆಂದರೆ ಕ್ಷಮಿಸಬಹುದಾದ ಅತಿರೇಕವೆಂದು ಕಾಣುವ ಮನೋಭಾವವೂ ಅಲ್ಲಿಂದಲೇ ಹುಟ್ಟುತ್ತದೆ. ಅಮೆರಿಕದ ಆಫ್ರಿಕನ್ ಮೂಲದ ಸಂಗೀತಗಾರ ಆಂಥನಿ ಬ್ರಾಕ್ಸ್‌ಟನ್ ಅವರ ಅರ್ಧ ಶತಮಾನಕ್ಕೂ ಮೀರಿದ ಸಾಧನೆ ಈ ನಂಬಿಕೆಯನ್ನು ಬುಡಸಮೇತ ಅಲುಗಾಡಿಸುತ್ತದೆ. ಅವರಲ್ಲಿ ವಿಪುಲತೆಯೇ ಸಂಗೀತದ ರೂಪ ಎಂಬುದು ಈ ಲೇಖನದ ನಿಲುವು. ಇದನ್ನು ಗ್ರಹಿಸದ ವಿಮರ್ಶೆ ಅವರನ್ನು ಹೊಗಳಿದಾಗಲೂ ತೆಗಳಿದಾಗಲೂ ಸಮಾನವಾಗಿ ಎಡವಿದೆ.

ಕನ್ನಡ ನಾಡಿಗೆ ಜಾಝ್ ತೀರ ಅಪರಿಚಿತವಲ್ಲ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡವು ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಸೇರಿ ನುಡಿಸಿದ ‘ಜ್ಯೋತಿ’ ಧ್ವನಿಮುದ್ರಿಕೆ 1983ರಲ್ಲಿ ಪ್ರಕಟವಾಯಿತು. ಆದರೆ ಇಂತಹ ಪ್ರಯತ್ನಗಳಿಂದ ಇಲ್ಲಿ ಮೂಡಿದ ಪರಿಚಯ ಬಹುಮಟ್ಟಿಗೆ ಎರಡು ಸಂಪ್ರದಾಯಗಳ ಕೂಡಿಕೆಯ ಪರಿಚಯ. ಬ್ರಾಕ್ಸ್‌ಟನ್ ಅವರದು ಬೇರೆಯೇ ಬಗೆಯ ಪ್ರಶ್ನೆ. ಒಂದು ಸಂಪ್ರದಾಯದ ಒಳಗಿದ್ದುಕೊಂಡೇ, ಅದರ ಹೆಸರು ಹೇರುವ ಗಡಿಗಳನ್ನು ಒಪ್ಪದ ಕಲಾವಿದನ ಪ್ರಶ್ನೆ ಅದು.

2

ಬ್ರಾಕ್ಸ್‌ಟನ್ 1945ರ ಜೂನ್ 4ರಂದು ಶಿಕಾಗೊ ನಗರದಲ್ಲಿ ಜನಿಸಿದರು. ಸೈನ್ಯದ ವಾದ್ಯತಂಡಗಳಲ್ಲಿ ಸೇವೆ ಸಲ್ಲಿಸಿ 1966ರಲ್ಲಿ ಊರಿಗೆ ಮರಳಿದಾಗ ಅಲ್ಲಿ ಸೃಜನಶೀಲ ಸಂಗೀತಗಾರರ ಒಂದು ಸಂಘ ತಲೆಯೆತ್ತಿತ್ತು. ಪಿಯಾನೊ ವಾದಕ ಮ್ಯೂಹಾಲ್ ರಿಚರ್ಡ್ ಅಬ್ರಾಮ್ಸ್ ಮೊದಲಾದವರು 1965ರಲ್ಲಿ ಕಟ್ಟಿದ ಆ ಸಂಘ ಎಎಸಿಎಂ ಎಂಬ ಸಂಕ್ಷಿಪ್ತ ಹೆಸರಿನಿಂದ ಪ್ರಸಿದ್ಧವಾಗಿದೆ. ಪ್ರತಿಯೊಬ್ಬ ಸದಸ್ಯನೂ ತನ್ನದೇ ರಚನೆಗಳನ್ನು ನುಡಿಸಬೇಕೆಂಬುದು ಅದರ ಮುಖ್ಯ ನಿಲುವು. ಮನರಂಜನಾ ಉದ್ಯಮದಲ್ಲಿ ಕಪ್ಪುಜನಾಂಗದ ಸಂಗೀತಗಾರನಿಗೆ ವಾದಕನ ಪಾತ್ರವಷ್ಟೇ ಮೀಸಲಾಗಿದ್ದ ಕಾಲದಲ್ಲಿ ಅವನು ತನ್ನನ್ನು ವಾಗ್ಗೇಯಕಾರನೆಂದು ಘೋಷಿಸಿಕೊಳ್ಳುವುದು ಸಾಂಸ್ಕೃತಿಕ ರಾಜಕಾರಣದ ಹೆಜ್ಜೆಯೂ ಆಗಿತ್ತು. ಬ್ರಾಕ್ಸ್‌ಟನ್ ಅವರ ವಿಪುಲತೆಯನ್ನು ಒಬ್ಬ ವಿಕ್ಷಿಪ್ತ ಪ್ರತಿಭಾವಂತನ ಹಟವೆಂದು ಬಣ್ಣಿಸುವವರು ಈ ಸಾಮುದಾಯಿಕ ಹಿನ್ನೆಲೆಯನ್ನು ಮರೆಯುತ್ತಾರೆ.

ಆ ಹೊತ್ತಿಗೆ ಜಾಝ್ ಒಂದು ಕವಲುದಾರಿಯಲ್ಲಿತ್ತು. ಪರಿಚಿತ ಹಾಡೊಂದರ ಸ್ವರಮೇಳದ ಚೌಕಟ್ಟನ್ನು ಇಟ್ಟುಕೊಂಡು ಅದರ ಮೇಲೆ ಮನೋಧರ್ಮದಿಂದ ನುಡಿಸುವುದು ರೂಢಿಯ ಕ್ರಮ. ಆರ್ನೆಟ್ ಕೋಲ್ಮನ್ ಮೊದಲಾದವರು 1960ರ ಆಸುಪಾಸಿನಲ್ಲಿ ಆ ಚೌಕಟ್ಟನ್ನೇ ಕಳಚಿದರು. ಚೌಕಟ್ಟು ಕಳಚಿದ ಮೇಲೆ ವಾದಕ ನಿಜವಾಗಿ ಸ್ವತಂತ್ರನೇ? ಅಥವಾ ತನ್ನ ಬೆರಳುಗಳ ಅಭ್ಯಾಸಕ್ಕೆ ಬಂದಿಯೇ? ಬ್ರಾಕ್ಸ್‌ಟನ್ ಅವರ ಚಿಂತನೆ ಆರಂಭವಾಗುವುದು ಈ ಪ್ರಶ್ನೆಯಿಂದ. ಆರಂಭಕಾಲದ ಏಕವ್ಯಕ್ತಿ ಕಚೇರಿಯೊಂದರಲ್ಲಿ ಕೆಲವೇ ನಿಮಿಷಗಳಲ್ಲಿ ತಮ್ಮ ಕಲ್ಪನೆಗಳು ಮುಗಿದು ಪುನರಾವರ್ತನೆ ಆರಂಭವಾಯಿತೆಂದು ಅವರೇ ಹೇಳಿಕೊಂಡಿದ್ದಾರೆ. ಈ ಅನುಭವದಿಂದ ಅವರು ತಲುಪಿದ್ದು ಧ್ವನಿಯ ವರ್ಗೀಕರಣಕ್ಕೆ. ದೀರ್ಘಧ್ವನಿ, ಕಂಪಿತಧ್ವನಿ, ತುಂಡುಸ್ವರಗಳ ಸಾಲು, ಒಂದೇ ಉಸಿರಿನಲ್ಲಿ ಹಲವು ಸ್ವರಗಳನ್ನು ಹೊಮ್ಮಿಸುವ ಕ್ರಮ ಹೀಗೆ ಹನ್ನೆರಡು ಮೂಲ ಬಗೆಗಳನ್ನು ಗುರುತಿಸಿ, ಒಂದೊಂದನ್ನೇ ಹಿಡಿದು ನುಡಿಸುವ ಶಿಸ್ತನ್ನು ಅವರು ರೂಪಿಸಿದರು. ‘ಭಾಷಾ ಸಂಗೀತ’ ಎಂಬ ಹೆಸರು ಇದಕ್ಕೆ ಸಾರ್ಥಕವಾಗಿದೆ. ವರ್ಣಮಾಲೆಯನ್ನು ಮೊದಲು ನಿಗದಿಪಡಿಸಿಕೊಂಡು ಆಮೇಲೆ ಮಾತನಾಡುವ ಕ್ರಮವಿದು. 1969ರಲ್ಲಿ ಧ್ವನಿಮುದ್ರಣಗೊಂಡು 1971ರಲ್ಲಿ ಪ್ರಕಟವಾದ ‘ಫಾರ್ ಆಲ್ಟೊ’ ಎಂಬ ಜೋಡಿ ತಟ್ಟೆಗಳಲ್ಲಿ ಒಂಟಿ ಸ್ಯಾಕ್ಸೊಫೋನಿನ ಹೊರತು ಬೇರಾವ ವಾದ್ಯವೂ ಇಲ್ಲ. ಪಕ್ಕವಾದ್ಯದ ಆಸರೆಯಿಲ್ಲದೆ ಇಷ್ಟು ದೀರ್ಘಕಾಲ ನಿಲ್ಲಲು ಸಾಧ್ಯವಾದದ್ದು ಈ ವ್ಯಾಕರಣದ ಬಲದಿಂದ.

3

ಬಿಡಿಕೃತಿಗಳ ಪಟ್ಟಿಯನ್ನು ಮೇಲ್ನೋಟಕ್ಕೆ ಗಮನಿಸಿದರೆ ದಿಗ್ಭ್ರಮೆಯಾಗುವುದು ಸಹಜ. ನಾಲ್ಕು ಸಲಿಕೆಗಳ ಸದ್ದನ್ನು ಧ್ವನಿವರ್ಧಕದ ಮೂಲಕ ಕೇಳಿಸುವ ರಚನೆಯಿಂದ ನೂರು ಟ್ಯೂಬಾ ವಾದ್ಯಗಳ ರಚನೆಯವರೆಗೆ ಅದರ ಹರಹು. 1971ರ ಈ ಟ್ಯೂಬಾ ರಚನೆ ನ್ಯೂಯಾರ್ಕ್‌ನಲ್ಲಿ ಪ್ರಯೋಗಗೊಂಡದ್ದು 2006ರಲ್ಲಿ. ‘ಕ್ರಿಯೇಟಿವ್ ಆರ್ಕೆಸ್ಟ್ರಾ ಮ್ಯೂಸಿಕ್ 1976’ ಮುದ್ರಿಕೆಯಲ್ಲಿ ಬೀದಿ ಮೆರವಣಿಗೆಯ ಬ್ಯಾಂಡ್ ಸಂಗೀತ ನಡುವೆ ಒಡೆದು ಬೇರೆಯೇ ಲೋಕಕ್ಕೆ ಹೊರಳುತ್ತದೆ. 82ನೆಯ ರಚನೆ ನಾಲ್ಕು ವಾದ್ಯವೃಂದಗಳಿಗಾಗಿ ಬರೆದದ್ದು. 1978ರಲ್ಲಿ ಓಬರ್ಲಿನ್‌ನಲ್ಲಿ ಅದರ ಧ್ವನಿಮುದ್ರಣಕ್ಕೆ 160 ವಾದಕರು ಬೇಕಾದರು. ‘ಟ್ರಿಲಿಯಂ’ ಹೆಸರಿನ ಒಪೆರಾ ಮಾಲಿಕೆ ಇನ್ನೊಂದು ಕಡೆ. ಇವುಗಳ ನಡುವೆಯೇ ಥೆಲೋನಿಯಸ್ ಮಂಕ್ ಮತ್ತು ಚಾರ್ಲಿ ಪಾರ್ಕರ್ ಅವರ ರಚನೆಗಳನ್ನು ನುಡಿಸಿದ ಮುದ್ರಿಕೆಗಳೂ ಇವೆ. ಸಂಪ್ರದಾಯ ಭಂಜಕನೆಂದು ಹೆಸರಾದವರು ಹಳೆಯ ಹಾಡುಗಳಿಗೆ ಮತ್ತೆ ಮತ್ತೆ ಮರಳಿದ್ದಾರೆ. 2020ರಲ್ಲಿ ಧ್ವನಿಮುದ್ರಣಗೊಂಡ ಅಂತಹ ಹಾಡುಗಳ ಒಂದು ಸಂಪುಟವೇ ಹದಿಮೂರು ಸಿ.ಡಿ.ಗಳಷ್ಟಿದೆ.

ಈ ವೈವಿಧ್ಯವನ್ನು ಪ್ರಕಾರಗಳಿಗೆ ಹಂಚಿಬಿಟ್ಟರೆ ಅದರ ಒಳಗಿನ ತತ್ವ ಕಾಣೆಯಾಗುತ್ತದೆ. ಬ್ರಾಕ್ಸ್‌ಟನ್ ತಮ್ಮ ರಚನೆಗಳಿಗೆ ಕ್ರಮಸಂಖ್ಯೆಗಳನ್ನೂ ರೇಖಾಚಿತ್ರಗಳ ರೂಪದ ಶೀರ್ಷಿಕೆಗಳನ್ನೂ ನೀಡಿದ್ದಾರೆ. ಸಂಖ್ಯೆ ಈಗಾಗಲೇ 400ನ್ನು ದಾಟಿದೆ. ಯಾವುದೇ ರಚನೆಯನ್ನು, ಅಥವಾ ಅದರ ಭಾಗವನ್ನು, ಬೇರೆ ಯಾವುದೇ ರಚನೆಯ ಜೊತೆಗೆ ಏಕಕಾಲದಲ್ಲಿ ನುಡಿಸಬಹುದೆಂಬುದು ಅವರ ಮುಖ್ಯ ಸೂತ್ರ. ಮೆರಿಲಿನ್ ಕ್ರಿಸ್ಪೆಲ್, ಮಾರ್ಕ್ ಡ್ರೆಸರ್ ಮತ್ತು ಗೆರಿ ಹೆಮಿಂಗ್‌ವೇ ಅವರಿದ್ದ ನಾಲ್ವರ ತಂಡ 1985ರಿಂದ ಈ ಸೂತ್ರವನ್ನು ವೇದಿಕೆಯ ಮೇಲೆ ಸಾಧಿಸಿ ತೋರಿಸಿತು. ಒಬ್ಬರು ಒಂದು ರಚನೆಯನ್ನು ನುಡಿಸುತ್ತಿರುವಾಗಲೇ ಇನ್ನೊಬ್ಬರು ದಶಕದ ಹಿಂದಿನ ಮತ್ತೊಂದನ್ನು ನುಡಿಸುವುದು ಅಲ್ಲಿ ಸಾಮಾನ್ಯವಾಗಿತ್ತು. ಹೀಗಿರುವಾಗ ಹೊಸದಾಗಿ ಬರೆದ ಪ್ರತಿಯೊಂದು ರಚನೆಯೂ ಹಳೆಯ ಎಲ್ಲ ರಚನೆಗಳ ಸಾಧ್ಯತೆಗಳನ್ನು ಹಿಗ್ಗಿಸುತ್ತದೆ. ಸಂಖ್ಯೆ ಬೆಳೆದಂತೆ ಕೃತಿಗಳ ನಡುವಣ ಸಂಬಂಧಗಳು ಸಂಖ್ಯೆಗಿಂತ ಹಲವು ಪಟ್ಟು ಬೆಳೆಯುತ್ತವೆ. ವಿಪುಲತೆಯೇ ರೂಪವಾಗುವುದು ಈ ಅರ್ಥದಲ್ಲಿ.

1995ರಿಂದ 2006ರವರೆಗೆ ಅವರನ್ನು ಆವರಿಸಿದ್ದ ‘ಘೋಸ್ಟ್ ಟ್ರಾನ್ಸ್’ ಸಂಗೀತ ಈ ತತ್ವದ ಪಕ್ವ ಸ್ಥಿತಿ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಮೂಲನಿವಾಸಿಗಳು, ತಮ್ಮ ನೆಲ ಮತ್ತು ಜನ ನಾಶವಾಗುತ್ತಿದ್ದ ಕಾಲದಲ್ಲಿ, ಗತಿಸಿದ ಹಿರಿಯರೊಡನೆ ಒಂದಾಗಲೆಂದು ಮಾಡುತ್ತಿದ್ದ ಪ್ರೇತನೃತ್ಯದ ಆಚರಣೆ ಇದಕ್ಕೆ ಪ್ರೇರಣೆ. ನಿಲ್ಲದೆ ಸಾಗುವ ಒಂದು ಸ್ವರಧಾರೆ ಇಲ್ಲಿ ಹೆದ್ದಾರಿಯಂತಿರುತ್ತದೆ. ಸ್ವರಲಿಪಿಯ ನಡುವೆ ವೃತ್ತ, ತ್ರಿಕೋನ, ಚೌಕಗಳ ಗುರುತುಗಳಿವೆ. ಅಲ್ಲಿಗೆ ಬಂದ ವಾದಕ ಮುಖ್ಯಧಾರೆಯನ್ನು ಬಿಟ್ಟು ಆಶುವಾದನಕ್ಕೋ, ಜೊತೆಗಿಟ್ಟ ಉಪರಚನೆಗೋ, ಬೇರೊಂದು ಕಾಲದ ರಚನೆಗೋ ತೆರಳಿ ಮತ್ತೆ ಹಿಂದಿರುಗಬಹುದು. ಆಮೇಲಿನ ‘ಸೋನಿಕ್ ಜಿನೋಮ್’ ಪ್ರಯೋಗಗಳು ಇದನ್ನು ಕಟ್ಟಡದ ಅಳತೆಗೆ ಹಿಗ್ಗಿಸಿದವು. 2019ರಲ್ಲಿ ಬರ್ಲಿನ್‌ನ ಗ್ರೋಪಿಯಸ್ ಬೌ ಕಟ್ಟಡದಲ್ಲಿ ಅರವತ್ತು ಸಂಗೀತಗಾರರು ಸುಮಾರು ಆರು ಗಂಟೆಗಳ ಕಾಲ ಗುಂಪು ಕೂಡುತ್ತ, ಚದುರುತ್ತ ನುಡಿಸಿದರು. ಕೇಳುಗರು ಅವರ ನಡುವೆ ಓಡಾಡಿದರು. ಇಂತಹ ಸಂದರ್ಭದಲ್ಲಿ ‘ಇದು ಯಾವ ಕೃತಿ?’ ಎಂಬ ಪ್ರಶ್ನೆಗೆ ಅರ್ಥವೇ ಉಳಿಯುವುದಿಲ್ಲ.

4

ಇಷ್ಟಾದರೂ ವಿಮರ್ಶೆ ಬಹುಕಾಲ ಕೇಳಿದ್ದು ‘ಇದು ಜಾಝ್ ಹೌದೋ ಅಲ್ಲವೋ’ ಎಂಬ ಒಂದೇ ಪ್ರಶ್ನೆಯನ್ನು. ಅವರ ಸಂಗೀತಕ್ಕೆ ಲಯದ ತೂಗಾಟವಿಲ್ಲ, ಅದು ಅತಿ ಬೌದ್ಧಿಕ, ಯುರೋಪಿನ ಅನುಕರಣೆ ಎಂಬ ಆಕ್ಷೇಪಗಳು 1970ರ ದಶಕದಿಂದಲೂ ಕೇಳಿಬಂದಿವೆ. ಈ ಆಕ್ಷೇಪಗಳು ಮೇಲ್ನೋಟಕ್ಕೆ ರಸಾಭಿರುಚಿಗೆ ಸಂಬಂಧಿಸಿದವು. ಆದರೆ ಅವುಗಳ ಆಳದಲ್ಲಿ ಜನಾಂಗದ ನಿರೀಕ್ಷೆ ಕೆಲಸ ಮಾಡುತ್ತಿದೆ. ಜಾನ್ ಕೇಜ್ ಅಥವಾ ಸ್ಟಾಕ್‌ಹೌಸೆನ್ ಲೆಕ್ಕಾಚಾರದಿಂದ ಬರೆದರೆ ಅದು ಚಿಂತನೆ. ಕಪ್ಪುಜನಾಂಗದ ಸ್ಯಾಕ್ಸೊಫೋನ್ ವಾದಕ ಬರೆದರೆ ಅದು ತನ್ನತನದ ನಷ್ಟ. 1985ರಲ್ಲಿ ಪ್ರಕಟವಾದ ‘ಟ್ರೈ-ಆಕ್ಸಿಯಂ ರೈಟಿಂಗ್ಸ್’ ಎಂಬ ಮೂರು ಸಂಪುಟಗಳಲ್ಲಿ ಬ್ರಾಕ್ಸ್‌ಟನ್ ಈ ಇಬ್ಬಂದಿ ಅಳತೆಯನ್ನು ‘ಬೆವರುವ ಹಣೆ’ಯ ರೂಪಕದ ಮೂಲಕ ವಿಶ್ಲೇಷಿಸಿದ್ದಾರೆ. ವಾದಕನ ಹಣೆಯ ಬೆವರನ್ನು ಕಂಡು ಮಾತ್ರ ಅವನ ಸಂಗೀತ ಪ್ರಾಮಾಣಿಕವೆಂದು ನಂಬುವ ವಿಮರ್ಶೆ, ಅವನ ತಲೆಯೊಳಗೆ ನಡೆಯುವ ಶ್ರಮವನ್ನು ಕಾಣಲಾರದು. ದೇಹವನ್ನು ಒಬ್ಬರಿಗೆ, ಬುದ್ಧಿಯನ್ನು ಇನ್ನೊಬ್ಬರಿಗೆ ಹಂಚಿಕೊಡುವ ಈ ಯಜಮಾನಿಕೆಯ ತರ್ಕ ಸಂಗೀತಕ್ಕಷ್ಟೇ ಸೀಮಿತವಾದುದಲ್ಲ.

1980ರ ದಶಕದ ಸಂಪ್ರದಾಯವಾದಿ ಅಲೆ ಈ ಹೊರಗಿಡುವಿಕೆಗೆ ಇನ್ನೊಂದು ಕಾರಣ ಒದಗಿಸಿತು. ಜಾಝ್‌ಗೆ ಶಾಸ್ತ್ರೀಯ ಪಟ್ಟ ದೊರಕಿಸುವ ಆ ಉತ್ಸಾಹ ನ್ಯಾಯವಾದುದೇ ಆಗಿತ್ತು. ಆದರೆ ಪಟ್ಟ ಕಟ್ಟುವ ಕ್ರಿಯೆಯಲ್ಲೇ ಪಟ್ಟಿ ಮಾಡುವ ಕ್ರಿಯೆಯೂ ಇರುತ್ತದೆ. 2001ರಲ್ಲಿ ಪ್ರಸಾರವಾದ ಕೆನ್ ಬರ್ನ್ಸ್ ಅವರ ಹತ್ತು ಕಂತುಗಳ ‘ಜಾಝ್’ ಸಾಕ್ಷ್ಯಚಿತ್ರ 1961ರ ನಂತರದ ನಾಲ್ಕು ದಶಕಗಳನ್ನು ಒಂದೇ ಕಂತಿನಲ್ಲಿ ಮುಗಿಸಿಬಿಟ್ಟಿತು. ಬಿಳಿಯರ ವಿಮರ್ಶೆ ‘ಜಾಝ್ ಅಲ್ಲ’ ಎಂದು ಹೊರಗಿಟ್ಟವರನ್ನು ಜಾಝ್‌ನ ವಕ್ತಾರರೂ ಅದೇ ಮಾತಿನಿಂದ ಹೊರಗಿಟ್ಟದ್ದು ಈ ಚರಿತ್ರೆಯ ವ್ಯಂಗ್ಯ. ಮನ್ನಣೆ ಬಂದದ್ದು ಬಹುಮಟ್ಟಿಗೆ ಬೇರೆ ದಿಕ್ಕಿನಿಂದ. 1990ರಿಂದ 2013ರವರೆಗೆ ಬ್ರಾಕ್ಸ್‌ಟನ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು. 1994ರಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ದೊರೆಯಿತು. ಜಾಝ್‌ಗೆ ಸಲ್ಲುವ ರಾಷ್ಟ್ರಮಟ್ಟದ ‘ಜಾಝ್ ಮಾಸ್ಟರ್’ ಗೌರವ ಸಂದದ್ದು 2014ರಲ್ಲಿ.

5

ಹಾಗೆಂದು ಈ ಸಾಧನೆ ಪ್ರಶ್ನಾತೀತವಲ್ಲ. ತಮ್ಮ ರಚನೆಗಳ ಬಗ್ಗೆ ಅವರೇ ಐದು ಸಂಪುಟಗಳ ಟಿಪ್ಪಣಿಗಳನ್ನು ಬರೆದಿದ್ದಾರೆ. ಅದರ ಪರಿಭಾಷೆ ಎಷ್ಟು ಸ್ವಂತದ್ದೆಂದರೆ, ಅದನ್ನು ಒಪ್ಪಿಕೊಂಡು ಒಳಹೊಕ್ಕ ಅಧ್ಯಯನಕಾರ ಹೊರಬಂದು ಬೇರೆ ಮಾತಿನಲ್ಲಿ ವಿವರಿಸುವುದು ಕಷ್ಟ. ಕಲಾವಿದ ತನ್ನ ಕೃತಿಗೆ ತಾನೇ ಭಾಷ್ಯಕಾರನಾದಾಗ ವಿಮರ್ಶಕ ಕೇವಲ ಅನುವಾದಕನಾಗುವ ಅಪಾಯವಿದೆ. ಎಲ್ಲವೂ ಎಲ್ಲದರ ಜೊತೆ ಸಲ್ಲುತ್ತದೆಂಬ ಸೂತ್ರ ಮೌಲ್ಯವಿವೇಚನೆಯನ್ನೇ ಕೈಬಿಡಲು ನೆಪವಾಗಬಹುದು. ಸಮೂಹವನ್ನು ಘಟಕವೆಂದು ಒಪ್ಪಿದರೂ ಅದರೊಳಗೆ ಸೊರಗಿದ ಭಾಗಗಳಿರುತ್ತವೆ. ಅವುಗಳನ್ನು ಗುರುತಿಸುವ ಹೊಣೆ ವಿಮರ್ಶೆಯದೇ. ಆದರೆ ‘ಈ ರಚನೆ ಸ್ವಯಂಪೂರ್ಣವೇ’ ಎಂಬ ಹಳೆಯ ಪ್ರಶ್ನೆಯ ಜಾಗದಲ್ಲಿ ‘ಈ ರಚನೆ ಉಳಿದ ರಚನೆಗಳಿಗೆ ಯಾವ ಹೊಸ ಸಂಬಂಧವನ್ನು ತೆರೆಯುತ್ತದೆ’ ಎಂಬ ಪ್ರಶ್ನೆ ಬರಬೇಕು. ಮೇರಿ ಹಾಲ್ವರ್ಸನ್, ಟೇಲರ್ ಹೋ ಬೈನಮ್ ಮೊದಲಾದ ಕಿರಿಯ ಸಂಗೀತಗಾರರು ಈ ವ್ಯವಸ್ಥೆಯಲ್ಲಿ ಪಳಗಿ ತಮ್ಮದೇ ಹಾದಿ ಹಿಡಿದಿರುವುದು, ಅದು ಒಬ್ಬನ ಖಾಸಗಿ ಭಾಷೆಯಾಗಿ ಉಳಿದಿಲ್ಲವೆಂಬುದಕ್ಕೆ ಸಾಕ್ಷಿ.

ಸಾಹಿತ್ಯದ ಅಧ್ಯಯನಕಾರರಿಗೆ ಈ ವಿಚಾರ ದೂರದ್ದಲ್ಲ. ಪಠ್ಯಕ್ರಮಕ್ಕೆ ಪ್ರಾತಿನಿಧಿಕ ಕೃತಿಗಳನ್ನು ಆಯುವಾಗ, ಬಹಳ ಬರೆದವರನ್ನು ಎರಡು ಮೂರು ಶೀರ್ಷಿಕೆಗಳಿಗೆ ಇಳಿಸುವಾಗ, ಶಾಸ್ತ್ರ ಮತ್ತು ಸೃಜನಕೃತಿ ಎರಡನ್ನೂ ಬರೆದವರ ಶಾಸ್ತ್ರಭಾಗವನ್ನು ಅಡಿಟಿಪ್ಪಣಿಗೆ ತಳ್ಳುವಾಗ ಕೈಬಿಟ್ಟುಹೋಗುವುದು ಕೆಲವು ಪುಟಗಳಷ್ಟೇ ಅಲ್ಲ, ಕೃತಿ ಕೃತಿಗಳ ನಡುವಣ ನಂಟು. ಆಯ್ಕೆಯಿಲ್ಲದೆ ಬೋಧನೆ ಸಾಧ್ಯವಿಲ್ಲ, ನಿಜ. ಆದರೆ ಆಯ್ಕೆ ಬೋಧನೆಯ ಅನುಕೂಲಕ್ಕೆ ಮಾಡಿಕೊಂಡ ಏರ್ಪಾಡು. ಅದೇ ಮೌಲ್ಯನಿರ್ಣಯವಾಗಿ, ಕಾಲಾನಂತರ ಚರಿತ್ರೆಯೇ ಆಗಿ ಕುಳಿತಾಗ ವಿಮರ್ಶೆ ತನ್ನ ಕೆಲಸವನ್ನು ನಿಲ್ಲಿಸಿರುತ್ತದೆ. ಬ್ರಾಕ್ಸ್‌ಟನ್ ಅವರ ಸಂಗೀತವನ್ನು ಕೇಳುವುದೆಂದರೆ, ಈ ಏರ್ಪಾಡು ಎಲ್ಲಿ ಮುಗಿಯುತ್ತದೆ, ಎಲ್ಲಿಂದ ಅಧ್ಯಯನ ಆರಂಭವಾಗಬೇಕು ಎಂಬುದನ್ನು ಮತ್ತೊಮ್ಮೆ ವಿಚಾರಿಸಿಕೊಳ್ಳುವುದು.