ಮದುವೆ ಮಾಡಿ ಕೈತೊಳೆದುಕೊಳ್ಳಬೇಡಿ

ಬಿಬಿಸಿಯ ಮಹಾನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ‘ಡಾಕ್ಟರ್ ಹೂ’ ಶುರುವಾದದ್ದು 1963ರ ನವೆಂಬರ್ 23ರಂದು. ಮಲೇಷ್ಯಾಕ್ಕೆ ಟೀವಿ ಬಂದದ್ದು ಅದಾದ ಐದೇ ವಾರಕ್ಕೆ. ಆ ಟೀವಿಯ ಕೇಂದ್ರ ಕಚೇರಿ ಅಂಕಾಸಪುರಿ ಇರುವುದು ನಾವಿರುವ ಬಾಂಗ್ಸಾರ್‌ನ ಮಗ್ಗುಲಲ್ಲೇ. ಇಲ್ಲಿ ನಾನೂ ನನ್ನ ಮಗಳೂ ನಿಮ್ಮ ಹಳೆಯ ಕಂತುಗಳನ್ನು ಒಂದೊಂದಾಗಿ ನೋಡುತ್ತಿದ್ದೇವೆ. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಓಡಾಡುವ ಡಾಕ್ಟರ್ ಎಂದರೆ ಅವಳಿಗೆ ಪ್ರಾಣ. ಅವನ ಜೊತೆ ಹೊರಟ ಹೆಣ್ಣುಮಕ್ಕಳನ್ನು ನೀವು ನಡೆಸಿಕೊಂಡ ರೀತಿಯ ಬಗ್ಗೆ ಈ ಪತ್ರ.

1964ರ ಕೊನೆಯಲ್ಲಿ ಸೂಸನ್ ಹೋದದ್ದನ್ನು ನೋಡಿ. ಡಾಕ್ಟರ್ ಅವಳ ತಾತ. ಡೇವಿಡ್ ಎಂಬ ಹುಡುಗ ಮದುವೆಯಾಗೋಣ ಎನ್ನುತ್ತಾನೆ; ತಾತನನ್ನು ಬಿಟ್ಟು ಬರಲಾರೆ ಎಂದು ಇವಳು ಅಳುತ್ತಾಳೆ. ತಾತ ತನ್ನ ಕಾಲಯಾನದ ಯಂತ್ರದೊಳಗೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾನೆ, ಒಳಗಿನಿಂದಲೇ ಬುದ್ಧಿ ಹೇಳಿ ಹೊರಟುಬಿಡುತ್ತಾನೆ. ಅವಳ ಕೈಯಲ್ಲಿದ್ದ ಬೀಗದಕೈ ನೆಲಕ್ಕೆ ಬೀಳುತ್ತದೆ. ಬರುತ್ತೀಯೋ ಇರುತ್ತೀಯೋ ಎಂದು ಅವಳನ್ನು ಒಂದು ಮಾತು ಕೇಳಬಾರದಿತ್ತೇ?

ಆಮೇಲೆ ಅದೇ ರೂಢಿಯಾಯಿತು. 1965ರಲ್ಲಿ ವಿಕಿಯನ್ನು ಟ್ರಾಯ್ ನಗರದ ಟ್ರಾಯ್ಲಸ್‌ಗೆ ಗಂಟುಹಾಕಿದಿರಿ. ಚಾಕು ಹಿಡಿದು ಯಾರಿಗೂ ಜಗ್ಗದ ಲೀಲಾಳನ್ನು 1978ರಲ್ಲಿ ಕಾವಲುಪಡೆಯ ಅಧಿಕಾರಿಯೊಬ್ಬನಿಗೆ ಕೊಟ್ಟಿರಿ. ಅವರಿಬ್ಬರಲ್ಲಿ ಪ್ರೀತಿ ಮೂಡಿದ್ದು ಯಾವಾಗ ಎಂದು ಹುಡುಕಿದರೂ ಸಿಗುವುದಿಲ್ಲ. 1986ರಲ್ಲಿ ಪೆರಿ ಸತ್ತಳೆಂದು ತೋರಿಸಿ, ಆಮೇಲೆ ಇಲ್ಲ, ರಾಜನೊಬ್ಬನ ಹೆಂಡತಿಯಾಗಿ ಬದುಕಿದ್ದಾಳೆ ಎಂದು ಒಂದು ಮಾತಿನಲ್ಲಿ ಮುಗಿಸಿದಿರಿ. ಮದುವೆಯ ಬಗ್ಗೆ ನನಗೆ ತಕರಾರಿಲ್ಲ. 1973ರಲ್ಲಿ ಜೋ ತಾನೇ ಮನಸ್ಸು ಮಾಡಿ ಹೊರಟಳು, ಆ ಕಂತು ಇವತ್ತಿಗೂ ಕಣ್ಣು ತುಂಬಿಸುತ್ತದೆ.

ವಿಜ್ಞಾನಿ ಲಿಜ್ ಶಾಗೆ ಬೀಳ್ಕೊಡುಗೆಯೂ ಸಿಗಲಿಲ್ಲ. ಕೇಂಬ್ರಿಜ್‌ಗೆ ವಾಪಸಾದಳೆಂಬ ಸುದ್ದಿ 1971ರ ಮೊದಲ ಕಥೆಯಲ್ಲಿ ಸೇನಾಧಿಕಾರಿ ಬ್ರಿಗೇಡಿಯರ್ ಬಾಯಲ್ಲಿ ಬರುತ್ತದೆ. ಡಾಕ್ಟರಿಗೆ ಬೇಕಿರುವುದು ಪ್ರನಾಳ ಎತ್ತಿಕೊಟ್ಟು ಹೊಗಳುವವರು ಅಷ್ಟೇ ಎಂದು ಅವಳೇ ಹೇಳಿಹೋದಳಂತೆ. ತಪ್ಪು ಎಲ್ಲಿದೆ ಎಂಬುದು ನಿಮ್ಮವರಿಗೆ ಆಗಲೇ ಗೊತ್ತಿತ್ತು ಎನ್ನಲು ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಚೆನ್ನಾಗಿ ಬರೆಯಲು ನಿಮಗೆ ಬರುತ್ತಿತ್ತು. 1964ರಲ್ಲೇ ಇತಿಹಾಸದ ಟೀಚರ್ ಬಾರ್ಬರಾ ಆಜ್ಟೆಕ್ ಜನರ ನರಬಲಿ ನಿಲ್ಲಿಸಲು ಡಾಕ್ಟರನ್ನೇ ಎದುರುಹಾಕಿಕೊಂಡಳು. ಆಗ ನಿರ್ಮಾಪಕಿ ವೆರಿಟಿ ಲ್ಯಾಂಬರ್ಟ್. ಆದರೆ ಬರೆಯುವ ಪೆನ್ನು ಗಂಡಸರ ಕೈಯಲ್ಲೇ ಉಳಿಯಿತು. ಲೇಖಕಿಯೊಬ್ಬಳು ಪೂರ್ತಿ ಕಥೆಯನ್ನು ಒಬ್ಬಳೇ ಬರೆಯಲು 1983ರವರೆಗೆ ಕಾಯಬೇಕಾಯಿತು. ಬಾರ್ಬರಾ ಕ್ಲೆಗ್ ಆಕೆ. 1989ರಲ್ಲಿ ರೋನಾ ಮನ್ರೋ ಬರೆದ ಕಥೆಯಲ್ಲಿ ಏಸ್ ಎಂಬ ಸಂಗಾತಿ ತನ್ನೂರಿಗೆ ಹೋಗಿ ನೋಡಿ, ತನ್ನ ಮನೆ ಯಾವುದೆಂದು ತಾನೇ ತೀರ್ಮಾನಿಸುತ್ತಾಳೆ. ಅಲ್ಲಿಗೇ ಸರಣಿಯನ್ನು ನಿಲ್ಲಿಸಿದಿರಿ.

ಮುಂದೆ ಸರಣಿ ಮರಳಿ ಬಂದು, ನಟಿ ಜೋಡಿ ವಿಟೇಕರ್‌ ಡಾಕ್ಟರ್ ಆದಾಗ ನಮ್ಮ ಮನೆಯಲ್ಲಿ ಸಂಭ್ರಮ. ಆದರೂ ಸಂಗಾತಿಯ ಪಾತ್ರದ ಲೆಕ್ಕ ಬಾಕಿಯಿದೆ. ಇನ್ನು ಮುಂದೆ ಯಾವ ಸಂಗಾತಿಯನ್ನು ಕಥೆಯಿಂದ ಕಳಿಸುವಾಗಲೂ ಆ ಕಂತು ಬರೆಯುವ ತಂಡದಲ್ಲಿ ಲೇಖಕಿಯರು ಇರಲೇಬೇಕು, ಪಾತ್ರ ಮಾಡಿದ ನಟಿಯನ್ನು ಮೊದಲೇ ಕೂರಿಸಿಕೊಂಡು ಮಾತಾಡಬೇಕು ಎಂದು ನಿಯಮ ಮಾಡಿ. ಅದು ಲಿಖಿತವಾಗಿರಲಿ, ಎಲ್ಲರಿಗೂ ಕಾಣುವಂತಿರಲಿ. ನಿಮ್ಮ ಉತ್ತರಕ್ಕೆ ಕಾಯುತ್ತೇನೆ.

ಇತಿ,
ಬಾಂಗ್ಸಾರ್‌ನ ಕನ್ನಡ ತಾಯಿಯೊಬ್ಬಳು